ಕೋಲಾರದ ಗಣಿಯಾಳದಿಂದ ಕಂಡ ಆಕಾಶ

ಆಂಡರ್ಸನ್‌ಪೇಟೆ ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಆದ್ದರಿಂದ ಧ್ರುವನಕ್ಷತ್ರ ಇಲ್ಲಿ ಉತ್ತರ ದಿಗಂತದಿಂದ 13 ಡಿಗ್ರಿಯಷ್ಟೇ ಮೇಲಿರುತ್ತದೆ. ದಕ್ಷಿಣದ ಆಕಾಶ ಮಾತ್ರ ಉದಾರವಾಗಿ ತೆರೆದುಕೊಳ್ಳುತ್ತದೆ. ರಾತ್ರಿ 9 ಗಂಟೆಗೆ ನೋಡಿದರೆ ಜನವರಿ ಕೊನೆಯಲ್ಲಿ ಮಹಾವ್ಯಾಧ ನೆತ್ತಿಯ ಸಮೀಪ, ಮೇ ಮಧ್ಯದಲ್ಲಿ ತ್ರಿಶಂಕು ದಕ್ಷಿಣದಲ್ಲಿ ನೆಟ್ಟಗೆ, ಜುಲೈಯಲ್ಲಿ ಮೋಡ ದಾರಿ ಬಿಟ್ಟರೆ ವೃಶ್ಚಿಕ, ಸೆಪ್ಟೆಂಬರ್ ಕೊನೆಗೆ ರಾಜಹಂಸ.

ಇದು ಋತುವಿಗೊಮ್ಮೆ ಬದಲಾಗುವ ಆಕಾಶ. ಇದೇ ಊರಿಗೆ ಹತ್ತಿರದ ಚಾಂಪಿಯನ್ ರೀಫ್ ಚಿನ್ನದ ಗಣಿಯಲ್ಲಿ ಋತುಗಳ ಹಂಗಿಲ್ಲದ, ಹಗಲು ರಾತ್ರಿಗಳ ಭೇದವಿಲ್ಲದ ಇನ್ನೊಂದು ಬಗೆಯ ಆಕಾಶ ವೀಕ್ಷಣೆ ನಡೆದಿತ್ತು. ನೆಲದಡಿ 2.3 ಕಿ.ಮೀ. ಆಳಕ್ಕಿಳಿದು ಆಕಾಶ ನೋಡುವುದೆಂದರೇನು?

ಹೊರ ಅಂತರಿಕ್ಷದಿಂದ ಬರುವ ವಿಶ್ವಕಿರಣಗಳು ವಾಯುಮಂಡಲಕ್ಕೆ ಬಡಿದಾಗ ಮ್ಯೂಆನ್ ಮತ್ತು ನ್ಯೂಟ್ರಿನೊ ಎಂಬ ಕಣಗಳು ಹುಟ್ಟುತ್ತವೆ. ನೆಲದ ಮೇಲೆ ಒಂದು ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. ನ್ಯೂಟ್ರಿನೊ ಮಾತ್ರ ಇಡೀ ಭೂಮಿಯನ್ನೇ ತೂರಿ ಹೋಗಬಲ್ಲದು. ಎಲ್ಲೋ ಅಪರೂಪಕ್ಕೆ ಒಂದು ಬಂಡೆಗೆ ತಾಗಿ ಮ್ಯೂಆನನ್ನು ಹುಟ್ಟಿಸುತ್ತದೆ. ಮೇಲಿನಿಂದ ಸುರಿಯುವ ಮ್ಯೂಆನ್‌ಗಳ ಗದ್ದಲದಲ್ಲಿ ಆ ಒಂದನ್ನು ಗುರುತಿಸುವುದು ಅಸಾಧ್ಯ. ಗದ್ದಲವನ್ನು ಸೋಸಲು ದಪ್ಪ ಬಂಡೆ ಬೇಕು.

ಹೋಮಿ ಭಾಭಾ ಅವರ ಶಿಷ್ಯ ಬಿ.ವಿ. ಶ್ರೀಕಂಠನ್ ಇಲ್ಲಿನ ಗಣಿಗಳಲ್ಲಿ ಮ್ಯೂಆನ್ ಅಳತೆ ಆರಂಭಿಸಿದ್ದು 1951ರಲ್ಲಿ. ಆಳಕ್ಕೆ ಹೋದಂತೆ ಎಣಿಕೆ ಇಳಿಯುತ್ತಾ ಬಂತು. 1960ರ ದಶಕದ ಆರಂಭದಲ್ಲಿ ಜಪಾನಿನ ಎಸ್. ಮಿಯಾಕೆ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿ.ಎಸ್. ನರಸಿಂಹಂ ಮತ್ತು ಪಿ.ವಿ. ರಮಣಮೂರ್ತಿ ಸುಮಾರು 2,760 ಮೀಟರ್ ಆಳದಲ್ಲಿ ಎರಡು ತಿಂಗಳು ಕಾದರೂ ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಸೊನ್ನೆಯೇ ಫಲಿತಾಂಶ! ನ್ಯೂಟ್ರಿನೊ ಹುಡುಕಲು ಬೇಕಾಗಿದ್ದುದು ಇಂಥ ಮೌನವೇ.

ಟಾಟಾ ಸಂಸ್ಥೆ, ಒಸಾಕಾ ನಗರ ವಿಶ್ವವಿದ್ಯಾಲಯ ಮತ್ತು ಇಂಗ್ಲೆಂಡಿನ ಡರ್ಹಾಂ ವಿಶ್ವವಿದ್ಯಾಲಯ ಕೂಡಿ 2.3 ಕಿ.ಮೀ. ಆಳದಲ್ಲಿ ಉಪಕರಣ ನಿಲ್ಲಿಸಿದವು. ಇಲ್ಲಿನ ಶಿಲೆಯ ಸಾಂದ್ರತೆ ನೀರಿನ ಮೂರು ಪಟ್ಟು. ಹಾಗಾಗಿ ತಲೆಯ ಮೇಲೆ 7 ಕಿ.ಮೀ. ನೀರು ನಿಂತಂತೆ ಲೆಕ್ಕ. ಕಣ ಹಾದಾಗ ಮಿಂಚುವ ಪ್ಲಾಸ್ಟಿಕ್ ಫಲಕಗಳನ್ನು ಹಾಸದೆ ಗೋಡೆಯಂತೆ ನಿಲ್ಲಿಸಿದ್ದರಲ್ಲಿ ಜಾಣತನವಿದೆ. ವಾಯುಮಂಡಲದ ಮ್ಯೂಆನ್ ಓರೆಯಾಗಿ ಬಂದರೆ ದಾಟಬೇಕಾದ ಬಂಡೆ ಇನ್ನೂ ಹೆಚ್ಚುತ್ತದೆ. ಆದ್ದರಿಂದ ಅಡ್ಡಡ್ಡಲಾಗಿ ಬಂದ ಮ್ಯೂಆನ್ ನ್ಯೂಟ್ರಿನೊದ ಕೂಸೇ ಆಗಿರಬೇಕು. ಕಣದ ಜಾಡು ತಿಳಿಯಲು ನಿಯಾನ್ ಕೊಳವೆಗಳಿದ್ದವು.

ಇವರ ವರದಿ 1965ರ ಆಗಸ್ಟ್ 15ರಂದು ಪ್ರಕಟವಾಯಿತು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿದ್ದ ಫ್ರೆಡರಿಕ್ ರೈನ್ಸ್ ತಂಡದ ವರದಿ ಬಂದದ್ದು ಎರಡು ವಾರದ ನಂತರ. ಆದರೆ ಅವರ ಮೊದಲ ದಾಖಲೆ ಫೆಬ್ರವರಿ 23ರದು, ನಮ್ಮದಕ್ಕಿಂತ ಹಿಂದಿನದು. ‘ಯಾರು ಮೊದಲು’ ಎಂಬ ಪ್ರಶ್ನೆಗೆ ಎರಡನ್ನೂ ಹೇಳುವುದೇ ನ್ಯಾಯ.

ಮುಂದೆ 1980ರ ದಶಕದಲ್ಲಿ ಇಲ್ಲಿಯೇ ಪ್ರೋಟಾನ್ ಕ್ಷಯಿಸುತ್ತದೆಯೇ ಎಂದು ಪರೀಕ್ಷಿಸಲು 140 ಟನ್ ತೂಕದ ಕಬ್ಬಿಣದ ಉಪಕರಣ ಕೆಲಸ ಮಾಡಿತು. ಅದೇ ಉದ್ದೇಶಕ್ಕೆ ಜಪಾನಿನ ಕಮಿಯೋಕ ಗಣಿಯಲ್ಲಿ ನೀರಿನ ಬೃಹತ್ ತೊಟ್ಟಿ ಸಿದ್ಧವಾಗಿತ್ತು. 1987ರ ಫೆಬ್ರವರಿ 23ರಂದು ಒಂದು ಸೂಪರ್‌ನೋವಾದ ನ್ಯೂಟ್ರಿನೊಗಳು ಭೂಮಿಗೆ ಬಂದವು. ಅವುಗಳಲ್ಲಿ ಹನ್ನೊಂದು ಆ ತೊಟ್ಟಿಯಲ್ಲಿ ದಾಖಲಾದವು. ಇಂಥ ಕಡಿಮೆ ಶಕ್ತಿಯ ನ್ಯೂಟ್ರಿನೊಗಳಿಗೆ ಕಬ್ಬಿಣಕ್ಕಿಂತ ನೀರೇ ಒಗ್ಗುವಂಥದು. ಕೋಲಾರದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಮುಗಿದವು; 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು.

ಆ ಸೂಪರ್‌ನೋವಾ ಸಿಡಿದ ಜಾಗ ಇಲ್ಲಿನ ಆಕಾಶದಲ್ಲೇ ಇದೆ. ಜನವರಿ ಕೊನೆಯ ರಾತ್ರಿ 9ಕ್ಕೆ, ಸೈನೈಡ್ ದಿಬ್ಬಗಳು ಅಡ್ಡಬಾರದ ಕಡೆ ದಕ್ಷಿಣಕ್ಕೆ ಮುಖಮಾಡಿ ನಿಲ್ಲಿ. ಚಾಚಿದ ಕೈಯ ಒಂದು ಮುಷ್ಟಿ 10 ಡಿಗ್ರಿ. ದಿಗಂತದಿಂದ ಎರಡು ಮುಷ್ಟಿ ದಾಟಿದರೆ ಅಗಸ್ತ್ಯ. ಅದರ ಕೆಳಗೆ, ತುಸು ಬಲಕ್ಕೆ, ಒಂದು ಮುಷ್ಟಿಗೂ ಕಡಿಮೆ ಎತ್ತರದಲ್ಲಿ ದೊಡ್ಡ ಮೆಗಲನ್ ಮೋಡ: ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ. ದಿಗಂತದ ಮಬ್ಬಿನಿಂದಾಗಿ ಬರಿಗಣ್ಣಿಗೆ ಸಿಗುವುದು ಕಷ್ಟ. ಒಳ್ಳೆಯ ಬೈನಾಕ್ಯುಲರ್ ಇರಲಿ, ಮಳೆ ತೊಳೆದ ಮರುದಿನ ಪ್ರಯತ್ನಿಸಿ.