ಒಡೆದರೆ ನಷ್ಟ ಯಾರದು? ರೋಮಿನ ಗಾಜು ಕೆತ್ತುವವನ ಕರಾರು

ಇವತ್ತು ಒಂದು ಗಾಜಿನ ಬಟ್ಟಲಿನ ಕಥೆ ಹೇಳ್ತೀನಿ.

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಲೈಕರ್ಗಸ್ ಕಪ್ ಅಂತ ಒಂದಿದೆ. ಕ್ರಿ.ಶ. 4ನೇ ಶತಮಾನದ್ದು, ರೋಮನ್ನರ ಕಾಲದ್ದು. ಎತ್ತರ ಒಂದು ಗೇಣಿಗೂ ಕಮ್ಮಿ. ಹೊರಗಿನಿಂದ ಬೆಳಕು ಬಿದ್ದರೆ ಹಸಿರು, ಒಳಗೆ ದೀಪ ಇಟ್ಟರೆ ಕೆಂಪು! ಗಾಜಿನಲ್ಲಿ ಬೆರೆತಿರುವ ಚಿನ್ನ, ಬೆಳ್ಳಿಯ ಅತಿಸೂಕ್ಷ್ಮ ಕಣಗಳೇ ಇದಕ್ಕೆ ಕಾರಣ.

ಬಣ್ಣದ ಮಾತು ಎಲ್ಲರೂ ಆಡ್ತಾರೆ. ನನಗೆ ಅದಕ್ಕಿಂತ ಅಚ್ಚರಿ ಅನ್ನಿಸೋದು ಕೆತ್ತನೆ. ದ್ರಾಕ್ಷಾರಸದ ದೇವರು ಡಯೊನೈಸಸ್‌ನನ್ನು ಕೆಣಕಿದ ಲೈಕರ್ಗಸ್ ರಾಜ, ದ್ರಾಕ್ಷಿ ಬಳ್ಳಿಗೆ ಸಿಕ್ಕಿ ಒದ್ದಾಡ್ತಿದ್ದಾನೆ. ಈ ಆಕೃತಿಗಳನ್ನು ಆಮೇಲೆ ಅಂಟಿಸಿದ್ದಲ್ಲ. ಮೊದಲು ದಪ್ಪ ಗೋಡೆಯ ಪಾತ್ರೆ ಮಾಡಿ, ತಣ್ಣಗಾದ ಮೇಲೆ ಬೇಡದ ಗಾಜನ್ನೆಲ್ಲ ಕೊರೆದು, ಉಜ್ಜಿ ತೆಗೆದಿದ್ದಾರೆ. ಬಟ್ಟಲಿನಿಂದ ಹೊರಗೆ ನಿಂತ ಆಕೃತಿಗಳನ್ನು ಹಿಡಿದಿರೋದು ಸಣ್ಣ ಸಣ್ಣ ಗಾಜಿನ ಸೇತುವೆಗಳು. ಒಂದು ಕಡೆ ಕೈ ತಪ್ಪಿದರೆ ಅಷ್ಟೂ ದಿನದ ಕೆಲಸ ಹೋಯ್ತು. ಇಲ್ಲಿ ರೋಲ್‌ಬ್ಯಾಕ್ ಇಲ್ಲ.

ಹಾಗಾದರೆ ಒಡೆದಾಗ ದುಡ್ಡು ಕಟ್ಟೋರು ಯಾರು? ಈ ಪ್ರಶ್ನೆ ರೋಮಿನ ಕಾನೂನು ಪುಸ್ತಕದಲ್ಲೇ ಇದೆ ನೋಡಿ! ಉಲ್ಪಿಯನ್ ಅನ್ನೋ ನ್ಯಾಯಪಂಡಿತ 3ನೇ ಶತಮಾನದ ಆರಂಭದವನು, ಅಂದ್ರೆ ಈ ಕಪ್‌ಗಿಂತ ಹಿಂದಿನವನು. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರತಂದ 'ಡೈಜೆಸ್ಟ್' ಎಂಬ ಸಂಕಲನದಲ್ಲಿ ಅವನ ಅಭಿಪ್ರಾಯ ಉಳಿದಿದೆ. ಗಿರಾಕಿ ತನ್ನ ಬಟ್ಟಲನ್ನು ಕೆತ್ತೋಕೆ ಕೊಡ್ತಾನೆ, ಅದು ಒಡೆಯುತ್ತೆ. ಕುಶಲತೆ ಸಾಲದೆ ಒಡೆದಿದ್ದರೆ ಕೆತ್ತಿದವನೇ ಹೊಣೆ. ಗಾಜಿನಲ್ಲಿ ಮೊದಲೇ ಬಿರುಕಿದ್ದರೆ ಅವನಿಗೆ ಮಾಫಿ. ಅದಕ್ಕೇ ಈ ಕಸುಬಿನವರು 'ನಷ್ಟದ ಹೊಣೆ ನನ್ನದಲ್ಲ' ಅಂತ ಮೊದಲೇ ಕರಾರು ಮಾಡ್ಕೊಳ್ತಿದ್ದರಂತೆ. ಹಾಗೆ ಒಪ್ಪಂದವಾದ ಮೇಲೆ ದಾವೆ ನಡೆಯೋದಿಲ್ಲ.

ಕ್ಲೈಂಟ್ ಕೊಟ್ಟ ಕೋಡ್‌ನಲ್ಲಿ ಮೊದಲೇ ಬಗ್ ಇತ್ತಾ, ನಾವು ಮುಟ್ಟಿದ ಮೇಲೆ ಬಂತಾ ಅಂತ ರಾತ್ರಿಯೆಲ್ಲ ಕಾಲ್‌ನಲ್ಲಿ ಕೂತವರಿಗೆ ಈ ಜಗಳ ಹೊಸದೇನಲ್ಲ.

ಆದರೆ ಒಂದು ಮಾತು ಗಮನಿಸಿ. ಲೈಕರ್ಗಸ್ ಕಪ್ ಕೆತ್ತಿದವನ ಹೆಸರು ನಮಗೆ ಗೊತ್ತಿಲ್ಲ. ಅಂಥ ಹೆಸರಿಲ್ಲದ ಕೆಲಸಗಾರರೂ ಸಾಹುಕಾರ ಗಿರಾಕಿಯ ಮುಂದೆ ನಿಂತು, ಕೆಲಸದ ಅಪಾಯ ತಮಗೆ ಮಾತ್ರ ಸೇರಿದ್ದಲ್ಲ ಅಂತ ಹೇಳಿ ಒಪ್ಪಿಸ್ತಿದ್ದರು. ಆ ಧೈರ್ಯ ಇಲ್ಲದಿದ್ದರೆ ಇಷ್ಟು ಕಷ್ಟದ ಕೆತ್ತನೆಗೆ ಕೈ ಹಾಕೋರು ಯಾರು? ರೋಮಿನ ಗಾಜಿನ ಸೊಬಗಿನಲ್ಲಿ ಆ ಕರಾರಿಗೂ ಪಾಲಿದೆ ಅಂತ ನನಗನ್ನಿಸುತ್ತೆ.

ನೀವೇನಂತೀರಿ? ಬರೆದು ತಿಳಿಸಿ. ಮತ್ತೆ ಸಿಗೋಣ.