ಅಟ್ಟದಿಂದ ಇಳಿದ ಡೆಸ್ಕು

ನಮ್ಮ ಹಳೆಯ ಮನೆಗಳಲ್ಲಿ ಪ್ರತಿಯೊಂದು ಕೆಲಸಕ್ಕೂ ಗೊತ್ತಾದ ಜಾಗವಿತ್ತು. ದೇವರಿಗೊಂದು ಕೋಣೆ, ಭತ್ತಕ್ಕೊಂದು ಕಣಜ, ಉಪ್ಪಿನಕಾಯಿ ಭರಣಿಗಳಿಗೆ ಉಗ್ರಾಣ, ಬಂದು ಹೋಗುವವರಿಗೆ ಜಗಲಿ, ಗಂಡಸರ ಲೆಕ್ಕಪತ್ರಕ್ಕೆ ಪಡಸಾಲೆಯ ಕಿಟಕಿಯ ಪಕ್ಕದ ಮೂಲೆ. ಮನೆಯ ಹೆಂಗಸು ಚಿತ್ರ ಬರೆಯಲೆಂದು ಮಾತ್ರ ಯಾರೂ ಯಾವ ಮೂಲೆಯನ್ನೂ ಬಿಟ್ಟಿರಲಿಲ್ಲ. ಹಾಗೆಂದು ಹೆಂಗಸರು ಚಿತ್ರ ಬರೆಯದೆ ಇದ್ದರೇ? ನಮ್ಮ ಮನೆಗಳ ನೆಲಕ್ಕೂ ಗೋಡೆಗೂ ಚಿತ್ರ ಬಂದದ್ದು ಹೆಚ್ಚಾಗಿ ಅವರ ಕೈಯಿಂದಲೇ.

ಅವರು ಬರೆದದ್ದು ಎಲ್ಲಿ ಎಂದು ಸ್ವಲ್ಪ ಯೋಚಿಸಿ ನೋಡಿ. ರಂಗೋಲಿ ಬಾಗಿಲ ಮುಂದಿನ ನೆಲದ ಮೇಲೆ. ಮರುದಿನ ಬೆಳಿಗ್ಗೆ ಅದರ ಮೇಲೆಯೇ ಸಗಣಿ ನೀರು. ಸಾಗರ, ಸೊರಬದ ಕಡೆಯ ದೀವರ ಹೆಂಗಸರ ಚಿತ್ತಾರ ಕೆಮ್ಮಣ್ಣು ಬಳಿದ ಗೋಡೆಯ ಮೇಲೆ. ನೆನೆಸಿ ಅರೆದ ಅಕ್ಕಿಯ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಪುಂಡಿ ನಾರಿನ ಕುಂಚ. ಧಾರವಾಡದ ಕಡೆಯ ಕಸೂತಿ ಇಳಕಲ್ ಸೀರೆಯ ಮೇಲೆ. ಎಳೆ ಎಣಿಸಿ ಹಾಕುವ ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ಹೊಲಿಗೆಗಳು, ಒಂದು ಸೂಜಿ, ನಾಲ್ಕಾರು ಬಣ್ಣದ ದಾರ. ಇವು ಮೂರೂ ಬೇರೆ ಬೇರೆ ಸೀಮೆಯ, ಬೇರೆ ಬೇರೆ ಬಗೆಯ ಕಲೆಗಳು. ಆದರೂ ಒಂದು ಸಾಮ್ಯ ಉಂಟು. ಯಾವುದಕ್ಕೂ ಪ್ರತ್ಯೇಕ ಕೋಣೆ ಬೇಕಿಲ್ಲ. ಒಂದನ್ನು ಹಾಲು ಕಾಯುವುದರೊಳಗೆ ಮುಗಿಸಬಹುದು. ಇನ್ನೊಂದು ಗೋಡೆಯಲ್ಲೇ ಉಳಿಯುತ್ತದೆ. ಮತ್ತೊಂದನ್ನು ಯಾರಾದರೂ ಕರೆದ ಕೂಡಲೆ ಮಡಿಸಿ ಚೀಲಕ್ಕೆ ಹಾಕಿ ಏಳಬಹುದು. ಹೆಂಗಸಿಗೆ ಎಷ್ಟು ಜಾಗ, ಎಷ್ಟು ಹೊತ್ತು ಸಿಕ್ಕಿತೋ ಅಷ್ಟಕ್ಕೆ ತಕ್ಕಂತೆ ಅವಳ ಕಲೆ ತನ್ನ ರೂಪವನ್ನು ಮಾಡಿಕೊಂಡಿತು ಎಂದು ನನಗೆ ಅನ್ನಿಸುತ್ತದೆ.

ಮೈಸೂರು ಶೈಲಿಯ ಚಿತ್ರ ಹಾಗಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ, 1861ರಲ್ಲಿ ಕಟ್ಟಿದ ಜಗನ್ಮೋಹನ ಅರಮನೆಯ ಗೋಡೆಗಳಲ್ಲಿ ಇಂದಿಗೂ ಕಾಣುವ ಈ ಶೈಲಿಗೆ ದಿನಗಟ್ಟಲೆ ಹೊತ್ತು ಬೇಕು. ರೇಖೆ ಎಳೆಯಬೇಕು, ಸಫೇದದ ಪುಡಿಯನ್ನು ಗೋಂದಿನಲ್ಲಿ ಅರೆದು ಒಡವೆ, ಮಂಟಪ, ಸಿಂಹಾಸನಗಳನ್ನು ನವಿರಾಗಿ ಉಬ್ಬಿಸಬೇಕು, ಅದು ಒಣಗಬೇಕು, ಅದರ ಮೇಲೆ ಚಿನ್ನದ ರೇಕು ಕೂರಿಸಬೇಕು, ಉಳಿದದ್ದಕ್ಕೆ ಬಣ್ಣ ತುಂಬಬೇಕು, ತೆಳುವಾದ ಕಾಗದ ಹೊದಿಸಿ ನುಣುಪು ಕಲ್ಲಿನಿಂದ ಉಜ್ಜಬೇಕು. ರೇಕು ಕೂರಿಸುವಾಗ ಫ್ಯಾನು ಹಾಕುವಂತಿಲ್ಲ, ಬಾಗಿಲು ತೆರೆದು ಯಾರೂ ಓಡಾಡುವಂತಿಲ್ಲ. ಈ ಕೆಲಸ ಕಲಿಯಲು ನಾನು ಸೇರಿದ ತರಗತಿಯಲ್ಲಿ ಹನ್ನೊಂದು ಜನ ಇದ್ದೆವು, ಒಬ್ಬರನ್ನು ಬಿಟ್ಟು ಎಲ್ಲರೂ ಹೆಂಗಸರು. ಕಲಿತು ಎರಡು ವರ್ಷವಾಗುವಷ್ಟರಲ್ಲಿ ಏಳು ಜನ ಬಿಟ್ಟರು. ಕೈ ಬರದೆ ಬಿಟ್ಟವರಲ್ಲ. ಊಟದ ಮೇಜಿನ ಮೇಲೆ ಬರೆದು, ಊಟದ ಹೊತ್ತಿಗೆ ಎತ್ತಿಟ್ಟು, ಮತ್ತೆ ಹರಡಿ, ಮತ್ತೆ ಎತ್ತಿಟ್ಟು ಬೇಸತ್ತವರು.

ನಮ್ಮ ಮನೆಯಲ್ಲಿ ಉಗ್ರಾಣವೆಂದು ಕರೆಯುತ್ತಿದ್ದ ಹತ್ತಡಿಗೆ ಎಂಟಡಿಯ ಕೋಣೆಯೊಂದಿತ್ತು. ವರ್ಷದ ಅಕ್ಕಿ, ಬೇಳೆಗಳನ್ನು ಒಟ್ಟಿಗೆ ತಂದು ತುಂಬುವುದು ನಿಂತಮೇಲೆ ಅದು ಹಳೆಯ ಪತ್ರಿಕೆಗಳ ಗೋದಾಮಾಗಿತ್ತು. ಅದನ್ನು ಖಾಲಿ ಮಾಡಿ ಚಿತ್ರದ ಕೋಣೆ ಮಾಡಿಕೊಂಡೆ. ಹೊಸ ಪೀಠೋಪಕರಣ ಕೊಳ್ಳುವಷ್ಟು ಹಣ ತೆಗೆದಿಟ್ಟಿರಲಿಲ್ಲ; ಅಟ್ಟದ ಮೇಲೂ ಹಿತ್ತಲ ಕೊಟ್ಟಿಗೆಯಲ್ಲೂ ಇದ್ದದ್ದನ್ನೇ ಇಳಿಸಿದೆ. ಒಂದೊಂದನ್ನೇ ಒರೆಸುತ್ತಾ ಹೋದಂತೆ ಒಂದು ಸಂಗತಿ ಹೊಳೆಯಿತು. ಇವೆಲ್ಲ ಯಾವುದೋ ಒಂದು ವರ್ಷ, ಯಾವುದೋ ಒಂದು ಕಾರಣಕ್ಕೆ, ಕೆಲಸ ಕಳೆದುಕೊಂಡ ಸಾಮಾನುಗಳು.

ಮೊದಲನೆಯದು ಡೆಸ್ಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಬರೆಯುವ, ಇಳಿಜಾರು ಮುಚ್ಚಳದ ಗಿಡ್ಡ ಪೆಟ್ಟಿಗೆ. ನಮ್ಮ ಯಜಮಾನರ ಅಜ್ಜ ಶಾನುಭೋಗರಾಗಿದ್ದರು. ಕಾಗದ ದುಬಾರಿಯಾಗಿದ್ದ ಹಿಂದಿನ ಕಾಲದಲ್ಲಿ ಇಂಥ ಲೆಕ್ಕಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲನ್ನೂ ಬಳಿದು ಗಟ್ಟಿಮಾಡಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಲ್ಲಿ ಬರೆಯುವ ಪುಸ್ತಕ ಅದು. ಆಮೇಲೆ ಕಾಗದದ ಖಾತೆ, ಪಹಣಿ ಬಂದವು. ಊರಿನ ಜಮೀನಿನ ಲೆಕ್ಕವೆಲ್ಲ ಇಂಥ ಡೆಸ್ಕುಗಳ ಹೊಟ್ಟೆಯಲ್ಲಿ ಇರುತ್ತಿತ್ತು. ಬೀಗದ ಕೈ ಶಾನುಭೋಗರ ಜನಿವಾರದಲ್ಲೋ ಸೊಂಟದಲ್ಲೋ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಗೆ ಬಂದಾಗ ವಂಶಪಾರಂಪರ್ಯದ ಶಾನುಭೋಗಿಕೆ, ಪಟೇಲಿಕೆಗಳು ಹೋದವು. ಸರ್ಕಾರವೇ ನೇಮಿಸಿದ ಗ್ರಾಮ ಲೆಕ್ಕಿಗರು ಬಂದರು. ಪುಸ್ತಕಗಳು ಅವರ ವಶಕ್ಕೆ ಹೋದವು. ಖಾಲಿ ಡೆಸ್ಕು ಅಟ್ಟ ಸೇರಿತು.

ಅದನ್ನು ಸರಿಮಾಡಲು ಬಂದ ಆಚಾರಿ ತಿರುಗಿಸಿ ನೋಡಿ, "ಅಮ್ಮಾ, ಇದರಲ್ಲಿ ಒಂದು ಮೊಳೇನೂ ಇಲ್ಲ" ಎಂದ. ಹಲಗೆಗಳ ಅಂಚನ್ನು ಹಲ್ಲು ಹಲ್ಲಾಗಿ ಕೊಯ್ದು ಒಂದರೊಳಗೊಂದು ಕೂರಿಸಿದ್ದರು. "ಹೊಸ ವಾರ್ನಿಷ್ ಹೊಡೀಲಾ?" ಎಂದು ಕೇಳಿದ. ಬೇಡವೆಂದೆ. ಹಳೆಯ ಮರಕ್ಕೆ ಹಚ್ಚಿರುವುದು ಹಲವು ವೇಳೆ ಅರಗಿನ ಮೆರುಗು. ಮರದ ಕೊಂಬೆಗಳ ಮೇಲೆ ಹುಳು ಕಟ್ಟುವ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಉಜ್ಜಿದ್ದು ಅದು. ಆದ್ದರಿಂದ ಅದರ ಮೇಲೆ ಸ್ಪಿರಿಟ್ ಬಿದ್ದರೆ ಮೆರುಗು ಕರಗುತ್ತದೆ, ನೀರಿನ ಲೋಟ ಇಟ್ಟರೆ ಬಿಳಿಯ ಉಂಗುರ ಮೂಡುತ್ತದೆ. ಒಣ ಬಟ್ಟೆಯಿಂದ ಒರೆಸಿ, ಮೇಲೆ ಒಂದು ದಪ್ಪ ರಟ್ಟು ಹಾಸಿಕೊಂಡರೆ ಸಾಕು. ಮರದ ಕೆಳಗೆ ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಮಾತ್ರ ಒಳಗೆ ಹುಳು ಇನ್ನೂ ಕೊರೆಯುತ್ತಿದೆ ಎಂದು ತಿಳಿದು, ಮದ್ದು ಹಾಕಿಸದೆ ಕೋಣೆಯೊಳಗೆ ತರಬಾರದು.

ಈ ಡೆಸ್ಕಿನ ಗುಣ ಅದರ ಮುಚ್ಚಳದಲ್ಲಿದೆ. ಬಾಗಿಲ ಗಂಟೆ ಬಾರಿಸಿತು, ಕುಕ್ಕರ್ ಕೂಗಿತು ಎನ್ನಿ. ರಟ್ಟು, ಕುಂಚ, ಬಟ್ಟಲು ಎಲ್ಲವನ್ನೂ ಇದ್ದ ಹಾಗೆಯೇ ಒಳಗಿಟ್ಟು ಮುಚ್ಚಿ ಏಳಬಹುದು. ಎರಡು ಗಂಟೆ ಬಿಟ್ಟು ತೆರೆದರೆ ಕೆಲಸ ಬಿಟ್ಟಲ್ಲೇ ಕಾಯುತ್ತಿರುತ್ತದೆ.

ಎರಡನೆಯದು ಜಾಲರಿ ಬೀರು. ಹಾಲು, ಮೊಸರು, ಬೆಣ್ಣೆಗಳನ್ನು ಬೆಕ್ಕಿಗೂ ನೊಣಕ್ಕೂ ಸಿಗದಂತೆ, ಆದರೆ ಗಾಳಿಯಾಡುವಂತೆ ಇಡುತ್ತಿದ್ದದ್ದು ಇದರಲ್ಲಿ. ಇರುವೆ ಹತ್ತದಂತೆ ನಾಲ್ಕು ಕಾಲಿಗೂ ನೀರಿನ ಬಟ್ಟಲು. ನಮ್ಮ ದೇಶದಲ್ಲೇ ಗಾಡ್ರೆಜ್‌ನವರು ರೆಫ್ರಿಜಿರೇಟರ್ ಮಾಡಲು ತೊಡಗಿದ್ದು 1958ರಲ್ಲಿ. ಅದು ಮಧ್ಯಮ ವರ್ಗದ ಮನೆಗಳನ್ನು ತಲುಪಲು ಇನ್ನೂ ಎಷ್ಟೋ ವರ್ಷ ಹಿಡಿಯಿತು. ತಲುಪಿದ ಮೇಲೆ ಜಾಲರಿ ಬೀರು ಹಿತ್ತಲಿಗೆ ಹೋಯಿತು. ಒಣಗಬೇಕಾದ ಚಿತ್ರಕ್ಕೆ ಇದಕ್ಕಿಂತ ಒಳ್ಳೆಯ ಮನೆ ಇಲ್ಲ. ಗಾಳಿ ಉಂಟು, ಧೂಳು ಕಡಿಮೆ, ಜಿರಲೆ ಇಲ್ಲ. ಗೋಂದು ಬೆರೆಸಿದ ಸಫೇದ ಜಿರಲೆಗೆ ಬಲು ಇಷ್ಟ ಎಂಬುದು ಈ ಕೆಲಸ ಮಾಡುವವರಿಗೆಲ್ಲ ಗೊತ್ತು.

ಕುಂಚಗಳು ನಿಂತಿರುವುದು ಹಿತ್ತಾಳೆಯ ಸೇರು, ಪಾವು, ಚಟಾಕುಗಳಲ್ಲಿ. 1956ರ ತೂಕ ಮತ್ತು ಅಳತೆಗಳ ಕಾಯಿದೆಯ ಮೇಲೆ ಕಿಲೋಗ್ರಾಂ, ಲೀಟರುಗಳು ಬಂದು ಇವಕ್ಕೆ ಅಂಗಡಿಯಲ್ಲಿ ಬೆಲೆ ಹೋಯಿತು. ಅಡಿಗೆಮನೆಯಲ್ಲಿ ಅಕ್ಕಿ ಅಳೆಯುತ್ತಾ ಇನ್ನಷ್ಟು ವರ್ಷ ಬದುಕಿದವು. ದಪ್ಪ ಕುಂಚ ಸೇರಿನಲ್ಲಿ, ನಡುವಿನವು ಪಾವಿನಲ್ಲಿ, ಕಣ್ಣು ಹುಬ್ಬು ತಿದ್ದುವ ಸಣ್ಣವು ಚಟಾಕಿನಲ್ಲಿ. ಹುಡುಕಬೇಕಾಗಿಲ್ಲ. ಪುಡಿ ಬಣ್ಣಗಳಿಗೆ ಹಳೆಯ ಒಗ್ಗರಣೆ ಡಬ್ಬಿ ಅನುಕೂಲ. ಆದರೆ ಒಂದು ಎಚ್ಚರಿಕೆ: ಹಿಂದಿನವರು ಬಳಸುತ್ತಿದ್ದ ಹರಿದಾಳದಲ್ಲಿ ಆರ್ಸೆನಿಕ್, ಇಂಗಳೀಕದಲ್ಲಿ ಪಾದರಸ, ಹಳೆಯ ಬಗೆಯ ಸಫೇದದಲ್ಲಿ ಸೀಸ ಇರುತ್ತದೆ. ಬಣ್ಣ ಮುಟ್ಟಿದ ಡಬ್ಬಿ, ಬಟ್ಟಲು, ಚಮಚ ಯಾವುದೂ ಮತ್ತೆ ಅಡಿಗೆಮನೆಯ ಹೊಸಿಲು ದಾಟಬಾರದು.

ಕುರ್ಚಿ ಮಾತ್ರ ಮನೆಯದಲ್ಲ. ನಮ್ಮೂರಿನ ಹಳೆಯ ಕಾಫಿ ಹೋಟೆಲೊಂದು ಮುಚ್ಚಿದಾಗ ಬಂದದ್ದು. ಬಾಗಿಸಿದ ಕೋಲಿನಂಥ ಬೆನ್ನು, ದುಂಡು ಪೀಠ. ಈ ಮಾದರಿಯನ್ನು 1859ರಲ್ಲಿ ಆಸ್ಟ್ರಿಯಾದ ಮೈಕೇಲ್ ಥೋನೆಟ್ ಹೊರತಂದ. ಬೀಚ್ ಮರದ ಕೋಲುಗಳನ್ನು ಉಗಿಯಲ್ಲಿ ಮೆತ್ತಗೆ ಮಾಡಿ ಬಾಗಿಸುವುದು ಅವನ ಉಪಾಯ. ಇಡೀ ಕುರ್ಚಿಗೆ ಆರು ತುಂಡು ಮರ, ಹತ್ತು ತಿರುಪು, ಎರಡು ನಟ್ಟು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ ಮೂವತ್ತಾರು ಕುರ್ಚಿ ಹಿಡಿಸುತ್ತಿದ್ದವು. ಹೀಗಾಗಿ ಹಡಗು ಹತ್ತಿ ಲೋಕವೆಲ್ಲ ಸುತ್ತಿತು. ಮುಂಬಯಿಯ ಇರಾನಿ ಹೋಟೆಲುಗಳಲ್ಲಿ ಕುಳಿತವರಿಗೆ ಈ ಜಾತಿಯ ಕುರ್ಚಿಯ ಪರಿಚಯ ಇದ್ದೇ ಇರುತ್ತದೆ. ಮಂಡಿ ನೋವಿನ ದಿನ ನಾನು ಇದರ ಮೇಲೆ ಕೂರುತ್ತೇನೆ. ಉಳಿದ ದಿನ ಪೀಠದ ಮೇಲೆ ಹಲಗೆ ನಿಲ್ಲಿಸಿ ಬೆನ್ನಿಗೆ ಒರಗಿಸಿದರೆ ಅದೇ ಚಿತ್ರದ ನಿಲುವು.

ಕಾಗದಗಳನ್ನು ಇಡಲೆಂದು ಅತ್ತೆಯವರ ತಗಡಿನ ಟ್ರಂಕನ್ನು ಇಳಿಸಿದೆ. ತಳದಲ್ಲಿ, ಹಳೆಯ ಸೀರೆಯೊಂದರ ಮಡಿಕೆಯಲ್ಲಿ, ದಿಂಬಿನ ಚೀಲಕ್ಕೆಂದು ಕತ್ತರಿಸಿದ ಬಿಳಿ ಬಟ್ಟೆಯಿತ್ತು. ಮರದ ಬಳೆಯಲ್ಲಿ ಇನ್ನೂ ಬಿಗಿಯಾಗಿ ಕೂತಿತ್ತು. ನವಿಲಿನ ಕೊರಳು ಮುಗಿದಿತ್ತು, ಗರಿ ಎಡಭಾಗದಲ್ಲಿ ಮಾತ್ರ ತುಂಬಿತ್ತು. ಬಲಭಾಗದಲ್ಲಿ ಪೆನ್ಸಿಲ್ಲಿನ ಗೆರೆ, ತುಕ್ಕು ಹಿಡಿದ ಸೂಜಿ. ಮನೆಯವರನ್ನು ಕೇಳಿದೆ, ಅಮ್ಮ ಹೊಲಿದದ್ದನ್ನು ಅವರು ಕಂಡೇ ಇರಲಿಲ್ಲ. ಅತ್ತೆಯವರು ಆ ಮನೆಯಲ್ಲಿ ನಲವತ್ತೇಳು ವರ್ಷ ಇದ್ದರು, ಆರು ಮಕ್ಕಳನ್ನು ಸಾಕಿದರು. ಮಾವನವರ ಪುಸ್ತಕಗಳಿಗೆ ಕಪಾಟಿತ್ತು, ಅಜ್ಜನ ಲೆಕ್ಕಕ್ಕೆ ಬೀಗ ಹಾಕುವ ಡೆಸ್ಕಿತ್ತು. ಆ ಡೆಸ್ಕು ಅವರ ಕಣ್ಣೆದುರಿಗೇ ಅಟ್ಟದಲ್ಲಿ ಖಾಲಿ ಬಿದ್ದಿತ್ತು. ಅದನ್ನು ಇಳಿಸಿಕೊಡಿ ಎಂದು ಅವರು ಕೇಳಲಿಲ್ಲ, ಬೇಕೇ ಎಂದು ಅವರನ್ನೂ ಯಾರೂ ಕೇಳಲಿಲ್ಲ. ಬಟ್ಟೆಯನ್ನು ಬಳೆಯಿಂದ ಬಿಚ್ಚದೆ ಟ್ರಂಕಿನಲ್ಲೇ ಇಟ್ಟಿದ್ದೇನೆ. ಸೂಜಿಯನ್ನು ಮಾತ್ರ, ತುಕ್ಕು ಬಟ್ಟೆಗೆ ಹತ್ತದಂತೆ, ತೆಗೆದೆ.

ಇದು ನಮ್ಮ ದೇಶದ ಹೆಂಗಸರದೇ ಕತೆಯಲ್ಲ. ಇಂಗ್ಲೆಂಡಿನ ವರ್ಜೀನಿಯಾ ವುಲ್ಫ್ 1928ರಲ್ಲಿ ಕೇಂಬ್ರಿಜಿನ ಹೆಣ್ಣುಮಕ್ಕಳ ಕಾಲೇಜುಗಳಲ್ಲಿ ಮಾಡಿದ ಭಾಷಣಗಳು ಮರುವರ್ಷ ಪುಸ್ತಕವಾದವು. ಬರೆಯುವ ಹೆಂಗಸಿಗೆ ಸ್ವಂತ ವರಮಾನವೂ ಬೀಗ ಹಾಕಿಕೊಳ್ಳಬಹುದಾದ ಸ್ವಂತ ಕೋಣೆಯೂ ಬೇಕೆಂಬುದು ಅದರ ವಾದ. ಆಕೆಯ ಅಕ್ಕ ವನೆಸಾ ಬೆಲ್ ಚಿತ್ರಕಾರ್ತಿ. 1916ರಲ್ಲಿ ಸಸೆಕ್ಸ್ ಸೀಮೆಯ ಚಾರ್ಲ್‌ಸ್ಟನ್ ಎಂಬ ತೋಟದ ಮನೆಯನ್ನು ಬಾಡಿಗೆಗೆ ಹಿಡಿದು, ಹಳೆಯ ಬೀರು, ಮಂಚ, ಬಾಗಿಲುಗಳ ಮೇಲೆಲ್ಲ ಗೆಳೆಯ ಡಂಕನ್ ಗ್ರಾಂಟ್ ಜೊತೆ ಚಿತ್ರ ಬರೆದು ಮನೆಯನ್ನೇ ಚಿತ್ರಶಾಲೆ ಮಾಡಿದಳು. 1925ರಲ್ಲಿ ದೊಡ್ಡ ಸ್ಟುಡಿಯೋ ಕಟ್ಟಿಸಿದರು. ಅದು ಇಬ್ಬರಿಗೂ ಸೇರಿದ್ದು. ತನಗೊಬ್ಬಳಿಗೇ ಎಂದು ಆ ಮನೆಯ ಅಟ್ಟದಲ್ಲಿ ಸ್ಟುಡಿಯೋ ಮಾಡಿಕೊಂಡದ್ದು 1939ರಲ್ಲಿ, ತನ್ನ ಅರವತ್ತನೆಯ ವಯಸ್ಸಿನಲ್ಲಿ. 1986ರಿಂದ ಆ ಮನೆ ಜನರ ದರ್ಶನಕ್ಕೆ ತೆರೆದಿದೆ.

ಅಂಥ ನಾಡಿನ ಪುಸ್ತಕಗಳೆಲ್ಲ ಚಿತ್ರದ ಕೋಣೆಗೆ ಉತ್ತರದ ಕಿಟಕಿ ಇರಲಿ, ಅಲ್ಲಿಂದ ನೇರ ಬಿಸಿಲು ಬಾರದು ಎನ್ನುತ್ತವೆ. ನಮ್ಮ ಕಡೆಗೆ ಅದು ಪೂರ್ತಿ ಹೊಂದುವುದಿಲ್ಲ. ಮೈಸೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನ ತನಕ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಬೆಳಿಗ್ಗೆ, ಸಂಜೆಯ ಓರೆ ಬಿಸಿಲು ಉತ್ತರದ ಕಿಟಕಿಯಿಂದಲೂ ಒಳಗೆ ಇಣುಕುತ್ತದೆ. ತೆಳುವಾದ ಬಿಳಿ ಪಂಚೆಯೊಂದನ್ನು ಪರದೆ ಕಟ್ಟಿದರೆ ಸರಿಹೋಗುತ್ತದೆ.

ನಿಮ್ಮಲ್ಲಿ ಎಲ್ಲರಿಗೂ ಉಗ್ರಾಣವಿಲ್ಲದಿರಬಹುದು, ಇದ್ದರೂ ಬಿಟ್ಟುಕೊಡುವವರು ಇಲ್ಲದಿರಬಹುದು. ಕೋಣೆಯಿಂದಲೇ ಆರಂಭಿಸಬೇಕೆಂದಿಲ್ಲ. ಚಿತ್ರವಾಗಲಿ, ಹೊಲಿಗೆಯಾಗಲಿ, ಬರವಣಿಗೆಯಾಗಲಿ, ಅರ್ಧ ಮುಗಿದದ್ದನ್ನು ಅರ್ಧವಾಗಿಯೇ ಇಟ್ಟು ಏಳಲು, ಇನ್ನೊಬ್ಬರು ಕದಲಿಸದ ಒಂದು ಮುಚ್ಚಳ ಸಾಕು. ಮನೆಗೆ ಸುಣ್ಣ ಹೊಡೆಸುವಾಗ ಅಟ್ಟದ ಸಾಮಾನು ಗುಜರಿಗೆ ಹೋಗುವ ಮುನ್ನ ಒಂದು ಟೇಪು ಹಿಡಿದು ಮೇಲೆ ಹತ್ತಿ. ಎರಡಡಿ ಅಗಲ, ಒಂದೂವರೆ ಅಡಿ ಉದ್ದದ ಪೆಟ್ಟಿಗೆ ಸಿಕ್ಕರೆ ಅದನ್ನು ಕೊಡಬೇಡಿ, ಮೊದಲು ಕೆಳಗಿಳಿಸಿ.