ಅರ್ಥಸಚಿವರೊಬ್ಬರ ಎರಡು ರಾಜೀನಾಮೆಗಳು

ರಾಜೀನಾಮೆಯೆಂಬ ಶಬ್ದವು ಪಾರಸೀ ಭಾಷೆಯಿಂದ ಕನ್ನಡಕ್ಕೆ ಬಂದುದು. ‘ರಾಜಿ’ ಎಂದರೆ ಸಮ್ಮತಿ. ‘ನಾಮೆ’ ಎಂದರೆ ಪತ್ರ. ವ್ಯಾಜ್ಯಗಾರರು ಒಡಂಬಟ್ಟು ಬರೆದುಕೊಡುತ್ತಿದ್ದ ಪತ್ರಕ್ಕೂ, ರೈತನು ಭೂಮಿಯ ಹಕ್ಕನ್ನು ಬಿಟ್ಟುಕೊಡುವಾಗ ಬರೆಯುತ್ತಿದ್ದ ಪತ್ರಕ್ಕೂ ಹಿಂದೆ ಇದೇ ಹೆಸರಿದ್ದಿತು. ಅಪವಾದದ ನಡುವೆ ಅಧಿಕಾರಸ್ಥರು ಬರೆದುಕೊಡುವ ಪತ್ರದಲ್ಲಿ ಸಮ್ಮತಿಯೆಷ್ಟು, ನಿರ್ಬಂಧವೆಷ್ಟು ಎಂಬುದನ್ನು ಪತ್ರವೇ ಹೇಳಲಾರದು. ಒಂದೇ ಪದವಿಯನ್ನು ಎರಡು ಸಲ ತ್ಯಜಿಸಿದ ಒಬ್ಬರ ಚರಿತ್ರೆಯು ಈ ವಿಷಯದಲ್ಲಿ ವಿಚಾರಾರ್ಹವಾಗಿದೆ.

ತಿರುವಳ್ಳೂರು ತಟ್ಟೈ ಕೃಷ್ಣಮಾಚಾರಿಯವರು ಭಾರತದ ಸಂವಿಧಾನದ ಕರಡು ಸಮಿತಿಯ ಸದಸ್ಯರಾಗಿದ್ದವರು. ವ್ಯಾಪಾರದ ಮರ್ಮವನ್ನು ಬಲ್ಲವರು. 1956ರಲ್ಲಿ ಅವರು ಕೇಂದ್ರ ಸರ್ಕಾರದ ಅರ್ಥಸಚಿವರಾದರು. ಅದೇ ವರ್ಷ ಸೆಪ್ಟೆಂಬರ್ 1ರಂದು ಜೀವವಿಮಾ ನಿಗಮವು ಸ್ಥಾಪಿತವಾಯಿತು. ಅದಕ್ಕೆ ಮುಂಚೆ ವಿಮೆಯ ವ್ಯವಹಾರವು ಖಾಸಗಿ ಕಂಪನಿಗಳ ಕೈಯಲ್ಲಿದ್ದು, ಕೆಲವು ಒಡೆಯರು ವಿಮಾದಾರರ ಹಣವನ್ನು ಸ್ವಂತ ಉದ್ಯಮಗಳಿಗೆ ತಿರುಗಿಸಿಕೊಂಡಿದ್ದರು. 1955ರ ಡಿಸೆಂಬರಿನಲ್ಲಿ ಈ ಅಕ್ರಮವನ್ನು ಲೋಕಸಭೆಯಲ್ಲಿ ಬಯಲಿಗೆಳೆದವರು ಫಿರೋಜ್ ಗಾಂಧಿಯವರು. ವಿಧವೆಯರ, ಅನಾಥ ಮಕ್ಕಳ ಆಸರೆಯಾದ ಹಣವು ಸರ್ಕಾರದ ಕೈಯಲ್ಲಿ ಸುರಕ್ಷಿತವಾಗಿರುವುದೆಂದು ಜನರು ನಂಬಿದರು.

ಈ ನಂಬಿಕೆಗೆ ವರ್ಷ ತುಂಬುವ ಮೊದಲೇ ಭಂಗವೊದಗಿತು. 1957ರ ಜೂನ್ ತಿಂಗಳಲ್ಲಿ ನಿಗಮವು ಕಲ್ಕತ್ತೆಯ ಹರಿದಾಸ ಮುಂಧ್ರಾ ಎಂಬ ವ್ಯಾಪಾರಿಯ ಆರು ಕಂಪನಿಗಳ ಷೇರುಗಳನ್ನು ಸುಮಾರು 1 ಕೋಟಿ 25 ಲಕ್ಷ ರೂಪಾಯಿಗಳಿಗೆ ಕೊಂಡಿತು. ಜೆಸಪ್, ರಿಚರ್ಡ್‌ಸನ್ ಕ್ರುಡಾಸ್, ಬ್ರಿಟಿಷ್ ಇಂಡಿಯಾ ಕಾರ್ಪೊರೇಷನ್ ಇವು ಆ ಆರರಲ್ಲಿ ಸೇರಿದ್ದುವು. ಹಣ ಹೂಡುವ ವಿಷಯದಲ್ಲಿ ಸಲಹೆ ಕೊಡಲೆಂದೇ ನಿಗಮದಲ್ಲಿ ಒಂದು ಸಮಿತಿಯಿದ್ದರೂ ಅದನ್ನು ಮುಂಚಿತವಾಗಿ ಕೇಳಲಿಲ್ಲ. ಕಲ್ಕತ್ತೆಯ ಷೇರುಪೇಟೆಯು ಕುಸಿಯದಂತೆ ತಡೆಯುವುದಕ್ಕಾಗಿ ಹೀಗೆ ಮಾಡಬೇಕಾಯಿತೆಂಬ ಸಮಾಧಾನವು ತರುವಾಯ ಕೇಳಿಬಂದಿತು.

1957ರ ಡಿಸೆಂಬರ್ 16ರಂದು ಲೋಕಸಭೆಯಲ್ಲಿ ಇದನ್ನು ವಿಸ್ತಾರವಾಗಿ ಎತ್ತಿದವರೂ ಫಿರೋಜ್ ಗಾಂಧಿಯವರೇ. ಅವರು ಆಳುವ ಪಕ್ಷದ ಸದಸ್ಯರು. ಪ್ರಧಾನಿ ನೆಹರೂರವರ ಅಳಿಯಂದಿರು. ಪಕ್ಷದ ದಾಕ್ಷಿಣ್ಯವಾಗಲಿ ಬಾಂಧವ್ಯದ ಸಂಕೋಚವಾಗಲಿ ಅವರ ಪ್ರಶ್ನೆಗಳಿಗೆ ಅಡ್ಡಿಯಾಗಲಿಲ್ಲ. ಸರ್ಕಾರವು ಮುಂಬಯಿ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ಎಂ. ಸಿ. ಛಾಗ್ಲಾರವರನ್ನು ಏಕಸದಸ್ಯ ಆಯೋಗವಾಗಿ ನೇಮಿಸಿತು.

ಛಾಗ್ಲಾರವರು 1958ರ ಜನವರಿಯಲ್ಲಿ ಬಹಿರಂಗವಾಗಿಯೇ ವಿಚಾರಣೆ ನಡೆಸಿದರು. ಒಳಗೆ ಸ್ಥಳ ಸಾಲದೆ ಹೊರಗೆ ನೆರೆದ ಜನರಿಗಾಗಿ ಧ್ವನಿವರ್ಧಕಗಳನ್ನು ಇಡಬೇಕಾಯಿತು. ಈ ವ್ಯವಹಾರಕ್ಕೆ ತಾವು ಒಪ್ಪಿಗೆ ಕೊಡಲಿಲ್ಲವೆಂದು ಸಚಿವರು ಹೇಳಿದರು. ಸಚಿವರಿಗೆ ತಿಳಿಸಿಯೇ ನಡೆದುದೆಂದು ಅರ್ಥಶಾಖೆಯ ಪ್ರಧಾನ ಕಾರ್ಯದರ್ಶಿ ಎಚ್. ಎಂ. ಪಟೇಲರು ಹೇಳಿದರು. ಫೆಬ್ರವರಿಯಲ್ಲಿಯೇ ವರದಿ ಸಿದ್ಧವಾಯಿತು. ಷೇರುಪೇಟೆಯನ್ನು ರಕ್ಷಿಸುವುದಕ್ಕಾಗಿ ಕೊಂಡುದೆಂಬ ಮಾತನ್ನು ಛಾಗ್ಲಾರವರು ಅಂಗೀಕರಿಸಲಿಲ್ಲ. ಕಾರ್ಯದರ್ಶಿಯು ಮಾಡಿದ ಕೆಲಸಕ್ಕೆ ಸಚಿವನೇ ಸಂವಿಧಾನದ ರೀತ್ಯಾ ಹೊಣೆಗಾರನೆಂದೂ, ಕೈಕೆಳಗಿನವರನ್ನು ಮುಂದುಮಾಡಿ ಅವನು ಮರೆಯಾಗಲಾಗದೆಂದೂ ನಿರ್ಣಯಿಸಿದರು. ಅದೇ ತಿಂಗಳಲ್ಲಿ ಕೃಷ್ಣಮಾಚಾರಿಯವರು ಪದವಿಯನ್ನು ಬಿಟ್ಟರು. ಆ ವರ್ಷದ ಆಯವ್ಯಯವನ್ನು ನೆಹರೂರವರೇ ಮಂಡಿಸಬೇಕಾಯಿತು. ಸಂವಿಧಾನದ ಕರಡಿಗೆ ಕೈಕೊಟ್ಟವರೇ ಅದರ ತತ್ತ್ವಕ್ಕೆ ತಲೆಬಾಗಿದುದು ಗಮನಿಸತಕ್ಕ ಸಂಗತಿ.

ಕೌಟಿಲ್ಯನು ಅಧಿಕಾರಿಗಳು ರಾಜದ್ರವ್ಯವನ್ನು ಅಪಹರಿಸುವ ನಲವತ್ತು ಬಗೆಗಳನ್ನು ಅರ್ಥಶಾಸ್ತ್ರದಲ್ಲಿ ಎಣಿಸಿದ್ದಾನೆ. ಆದರೆ ಮುಂಬಯಿಯಲ್ಲಿ ಇತ್ಯರ್ಥವಾದುದು ಅಪಹಾರದ ಪ್ರಶ್ನೆಗಿಂತ ಸೂಕ್ಷ್ಮವಾದುದು. ಸಚಿವರು ಸ್ವಂತಕ್ಕೆ ಹಣ ಮಾಡಿಕೊಂಡರೆಂದು ಆಯೋಗವು ಹೇಳಲಿಲ್ಲ. ನೆಹರೂರವರೂ ಅವರ ಪ್ರಾಮಾಣಿಕತೆಯನ್ನು ಸಂದೇಹಿಸಲಿಲ್ಲ. ಕದ್ದವನಿಗೆ ದಂಡನೆಯುಂಟು, ಕಾಯಬೇಕಾದವನು ಕಾಯದೆ ಹೋದರೆ ಅವನಿಗೆ ಉಚಿತವಾದುದು ಪದತ್ಯಾಗ. ಈ ಭೇದವನ್ನು ದೇಶವು ಅಂದು ಸ್ಪಷ್ಟವಾಗಿ ಕಂಡಿತು. ಅಧಿಕಾರಿಗಳ ನಡತೆಯನ್ನು ವಿವಿಯನ್ ಬೋಸರ ಮಂಡಲಿಯು ಪ್ರತ್ಯೇಕವಾಗಿ ವಿಚಾರಿಸಿತು. ಪಟೇಲರು ಸೇವೆಯನ್ನು ಬಿಟ್ಟರು.

ಇಂತಹ ಬಹಿರಂಗ ವಿಚಾರಣೆಯು ಮಾನವಂತರನ್ನು ಜನಜಾತ್ರೆಯ ನೋಟಕ್ಕೆ ಒಡ್ಡುವುದೆಂಬ ಆಕ್ಷೇಪವು ಆಗ ಹುಟ್ಟಿತು. ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ. ಆದರೆ ಮುಂದಿನ ಕಥೆಯು ಬೇರೆಯ ಪಾಠವನ್ನು ಕಲಿಸುತ್ತದೆ. ಕೃಷ್ಣಮಾಚಾರಿಯವರು 1962ರಲ್ಲಿ ಮಂತ್ರಿಮಂಡಲಕ್ಕೆ ಮರಳಿ, 1963ರಲ್ಲಿ ಮತ್ತೆ ಅರ್ಥಸಚಿವರಾದರು. ಪಟೇಲರು 1977ರಲ್ಲಿ ಅದೇ ಅರ್ಥಸಚಿವ ಪದವಿಗೆ ಬಂದರು. ತಪ್ಪಿನ ತೂಕವು ಎಲ್ಲರೆದುರಿನಲ್ಲಿ ಆಗಿದ್ದುದರಿಂದಲೇ ಅವರಿಬ್ಬರಿಗೂ ಮರಳುವ ದಾರಿ ತೆರೆದಿದ್ದಿತೆಂದು ಹೇಳಬಹುದು.

1965ರ ಕೊನೆಯಲ್ಲಿ ಕೃಷ್ಣಮಾಚಾರಿಯವರ ಮೇಲೆ ಪುನಃ ಆರೋಪಗಳು ಬಂದುವು. ಲಾಲ್ ಬಹಾದುರ್ ಶಾಸ್ತ್ರಿಗಳು ಆಗ ಪ್ರಧಾನಿ. ಡಿಸೆಂಬರ್ 31ರಂದು ಸಚಿವರು ಎರಡನೆಯ ಸಲ ರಾಜೀನಾಮೆಯಿತ್ತರು. 1966ರ ಜನವರಿ 11ರಂದು ಶಾಸ್ತ್ರಿಗಳು ತಾಷ್ಕೆಂಟಿನಲ್ಲಿ ತೀರಿಕೊಂಡರು. ಈ ಸಲ ಆಯೋಗವೂ ಇಲ್ಲ, ಸಾಕ್ಷಿಗಳೂ ಇಲ್ಲ, ವರದಿಯೂ ಇಲ್ಲ. ದೋಷಿಯೆಂದು ಯಾರೂ ಸಾಧಿಸಲಿಲ್ಲ. ನಿರ್ದೋಷಿಯೆಂದು ಯಾರೂ ಸಾರಲಿಲ್ಲ. ಕೃಷ್ಣಮಾಚಾರಿಯವರು 1974ರಲ್ಲಿ ನಿಧನರಾದರು. ಅರ್ಥಸಚಿವ ಪದವಿಯು ಅವರಿಗೆ ಪುನಃ ಬರಲಿಲ್ಲ.

ಮೊದಲನೆಯ ರಾಜೀನಾಮೆಯು ಕಠೋರವಾಗಿದ್ದರೂ ಅದರ ಕಾರಣವನ್ನು ಇಂದಿಗೂ ಯಾರು ಬೇಕಾದರೂ ಓದಿ ತಿಳಿಯಬಹುದು. ಎರಡನೆಯದು ಸದ್ದಿಲ್ಲದೆ ಮುಗಿದು, ಸಂದೇಹವನ್ನು ಮಾತ್ರ ಉಳಿಸಿತು. ಪದವಿಯನ್ನು ಬಿಟ್ಟರೆ ಎಲ್ಲವೂ ಮುಗಿಯಿತೆಂದು ಬಿಟ್ಟವರೂ ಬಿಡಿಸಿದವರೂ ಬಗೆಯುವುದುಂಟು. ಆದರೆ ಪ್ರಜೆಗೆ ಸಲ್ಲಬೇಕಾದುದು ಒಬ್ಬರ ಕುರ್ಚಿಯಲ್ಲ, ತನ್ನ ಹಣದ ಲೆಕ್ಕ. ವಿಚಾರಣೆಯಿಲ್ಲದ ರಾಜೀನಾಮೆಯಿಂದ ಕುರ್ಚಿಯು ತೆರವಾದೀತು. ಲೆಕ್ಕವು ಬಾಕಿಯೇ ಉಳಿಯುವುದು.